ಅಪ್ಪನ ಜೊತೆ ಐರನ್‌ಬ್ರಿಡ್ಜ್‌ಗೆ

ಹೊರಡುವ ಹಿಂದಿನ ದಿನ, ಬೆಂಗಳೂರು

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ತಂಗಿ ಕೇಳಿದ್ದು ಒಂದೇ ಒಂದು ಸಾಮಾನು. ದೋಸೆ ಕಾವಲಿ. ನಾನ್‌ಸ್ಟಿಕ್ ಬೇಡ, ಬೀಡಿನದೇ, ಅಂದರೆ ಎರಕದ ಕಬ್ಬಿಣದ್ದೇ ಆಗಬೇಕು, ಅದನ್ನೂ ಅಪ್ಪನೇ ಆರಿಸಬೇಕು. ಹಾಗಾಗಿ ವಿಮಾನ ಹತ್ತುವ ಹಿಂದಿನ ದಿನ ಬೆಳಿಗ್ಗೆ ನಾನೂ ಅಪ್ಪನೂ ಮೆಟ್ರೋದಲ್ಲಿ ಹೋಗಿ ಚಿಕ್ಕಪೇಟೆಯಲ್ಲಿ ಇಳಿದೆವು.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವರು. ಈಗ ಬಸವೇಶ್ವರನಗರದಲ್ಲಿ ನಮ್ಮ ಜೊತೆ ಇದ್ದಾರೆ. ಅಂಗಡಿಯಲ್ಲಿ ಅವರು ಹಲಸಿನ ಹಣ್ಣು ಕೊಳ್ಳುವವರ ಹಾಗೆ ಒಂದೊಂದೇ ಕಾವಲಿ ಎತ್ತಿ, ಬೆರಳಗಂಟಿನಲ್ಲಿ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳಿದರು. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಒಡೆಯುತ್ತದಂತೆ. ಐದನೆಯದು ಪಾಸಾಯಿತು. ಅದನ್ನು ಮಗುಚಿ ಹಾಕಿ, ಅಂಚಿನ ಹತ್ತಿರ ಉಗುರಿನಷ್ಟು ಉದ್ದದ ಒರಟು ಗುರುತು ತೋರಿಸಿದರು.

"ಇಲ್ಲಿಂದ ಕಬ್ಬಿಣ ಅಚ್ಚಿನ ಒಳಗೆ ಹೋಗಿದ್ದು. ಆಮೇಲೆ ಮುರಿದು ಉಜ್ಜಿದಾರೆ. ಇದು ಇದರ ಹೊಕ್ಕುಳು."

ಅಂಗಡಿಯವನು ನಕ್ಕ. ಬೆಲೆ ಮಾತ್ರ ಇಳಿಸಲಿಲ್ಲ.

ವಾಪಸ್ ಬರುವ ಮೊದಲು ಲಾಲ್‌ಬಾಗ್‌ನಲ್ಲಿ ಇಳಿಯೋಣ ಅಂದರು. ಮೂರೂವರೆ ಕೆಜಿ ಕಾವಲಿ ಚೀಲ ನನ್ನ ಹೆಗಲಲ್ಲಿ. ಅಪ್ಪ ಸೀದಾ ಗಾಜಿನ ಮನೆಗೆ ನಡೆದು ಅಲ್ಲಿನ ಕಂಬವನ್ನೂ ತಟ್ಟಿದರು. ಫಲಪುಷ್ಪ ಪ್ರದರ್ಶನಕ್ಕೆ ನಾವೆಲ್ಲ ಎಷ್ಟು ಸಲ ಬಂದಿಲ್ಲ? ಹೂವು ನೋಡುತ್ತೇವೆ, ಮೇಲಿರುವ ಕಬ್ಬಿಣ ನೋಡುವುದಿಲ್ಲ. 1889ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಹುಟ್ಟಿದ ಆಸೆ ಇದು. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ಸಾರಸೆನ್ ಫೌಂಡ್ರಿಯಿಂದ. "ಆವಾಗ ಅವರು ಹಡಗಲ್ಲಿ ಇಲ್ಲಿಗೆ ಕಬ್ಬಿಣ ಕಳಿಸಿದ್ರು. ನಾಳೆ ನಾವು ವಿಮಾನದಲ್ಲಿ ವಾಪಸ್ ತಗೊಂಡು ಹೋಗ್ತಿದೀವಿ" ಅಂದರು ಅಪ್ಪ, ಚೀಲದ ಕಡೆ ನೋಡಿ.

ಇಂಗ್ಲೆಂಡಿನಲ್ಲಿ ಏನು ನೋಡುತ್ತೀರಿ ಎಂದು ತಂಗಿ ಕೇಳಿದಾಗ ಅಪ್ಪ ಅರಮನೆ ಅನ್ನಲಿಲ್ಲ, ಥೇಮ್ಸ್ ಅನ್ನಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟ್ರೈನಿಂಗ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಒಂದು ಸಾಲು ಅವರಿಗೆ ಇನ್ನೂ ಬಾಯಿಪಾಠ. "1709, ಕೋಲ್‌ಬ್ರೂಕ್‌ಡೇಲ್, ಕೋಕ್." ಕಲ್ಲಿದ್ದಲನ್ನು ಸುಟ್ಟು ಮಾಡುವ ಕೋಕ್ ಹಾಕಿ ಕಬ್ಬಿಣ ಕರಗಿಸಿದ, ಐರನ್‌ಬ್ರಿಡ್ಜ್ ಪಕ್ಕದ ಆ ಜಾಗ ನೋಡಬೇಕು ಅಂದರು. ಅಮ್ಮ ಮಾತ್ರ ಬರಲು ಒಪ್ಪಲಿಲ್ಲ. "ಭದ್ರಾವತೀಲಿ ನೋಡಿದ ಕಬ್ಬಿಣ ಸಾಲದಾ ನಿಮಗೆ?"

ಒಂದನೇ ದಿನ ಮತ್ತು ಎರಡನೇ ದಿನ

ದೇವನಹಳ್ಳಿಯಲ್ಲಿ ಸೂಟ್‌ಕೇಸ್ ತೂಕ ಜಾಸ್ತಿ ಬಂತು. ಕಾವಲಿ ತೆಗೆಯಬೇಕು ಇಲ್ಲವೇ ಚಟ್ನಿಪುಡಿ, ಸಾರಿನಪುಡಿ, ಹುಣಸೆಹಣ್ಣು ತೆಗೆಯಬೇಕು. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ, ನನ್ನ ಎರಡು ಸ್ವೆಟರ್ ಹೊರಗೆ ತೆಗೆದರು. ಎರಡನ್ನೂ ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಿದೆ.

ಲಂಡನ್ನಿಗೆ ಸುಮಾರು ಹತ್ತು ಗಂಟೆ. ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲು. ಎರಡನೇ ದಿನ ಪೂರ್ತಿ ನಿದ್ದೆಗೆ ಹೋಯಿತು. ಬರೆಯುವಂಥದ್ದು ಏನೂ ಇಲ್ಲ.

ಮೂರನೇ ದಿನ, ಕೋಲ್‌ಬ್ರೂಕ್‌ಡೇಲ್

ತಂಗಿಯ ಕಾರಿನಲ್ಲಿ ಒಂದು ಗಂಟೆ ದಾರಿ. ಜೊತೆಗೆ ಅವಳ ಎಂಟು ವರ್ಷದ ಮಗ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಟೆಲ್‌ಫರ್ಡ್ ಅನ್ನುವ ಹೊಸ ಊರು ದಾಟಿದ ಮೇಲೆ ರಸ್ತೆ ಇಳಿಯುತ್ತಾ ಹೋಗಿ ಒಂದು ಕಣಿವೆ ಸೇರಿತು. ಎರಡೂ ಕಡೆ ದಟ್ಟ ಮರ, ಕೆಳಗೆ ಸೆವರ್ನ್ ನದಿ. ಬಾಳೆಹೊನ್ನೂರಿನ ಕಡೆ ಎಲ್ಲೋ ಬಂದಹಾಗಿತ್ತು, ಚಳಿಯೊಂದನ್ನು ಬಿಟ್ಟರೆ.

ಇಲ್ಲಿ ಕಬ್ಬಿಣದ ಊರು ಯಾಕೆ ಹುಟ್ಟಿತು ಅನ್ನುವುದಕ್ಕೆ ಈ ಕಣಿವೆಯೇ ಉತ್ತರ. ಹಿಮಯುಗದ ಕೊನೆಯಲ್ಲಿ ನೀರು ಬೆಟ್ಟವನ್ನು ಕೊಯ್ದುಕೊಂಡು ಹರಿಯಿತು. ಕೊಯ್ದ ಗೋಡೆಯಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲು, ಜೇಡಿಮಣ್ಣು ಎಲ್ಲ ಹೊರಗೆ ಬಿದ್ದವು. ಬೇರೆ ಕಡೆ ಆಳಕ್ಕೆ ಅಗೆಯಬೇಕಾದದ್ದು ಇಲ್ಲಿ ಪಕ್ಕದಿಂದ ಕೆದಕಿದರೆ ಸಿಗುತ್ತಿತ್ತು. ತಿದಿ ಊದಲು ಹಳ್ಳದ ನೀರು, ಮಾಲು ಸಾಗಿಸಲು ನದಿ. ಅಡುಗೆಮನೆಯಲ್ಲಿ ಎಲ್ಲ ಡಬ್ಬವೂ ಕೈಗೆಟುಕುವಲ್ಲಿ ಇದ್ದಹಾಗೆ.

ಮ್ಯೂಸಿಯಂ ಇರುವುದು 1838ರಲ್ಲಿ ಕಟ್ಟಿದ ದೊಡ್ಡ ಉಗ್ರಾಣದಲ್ಲಿ. ಅದರ ಕಿಟಕಿ ಹಲಗೆಗಳೂ ಎರಕದ ಕಬ್ಬಿಣ. ಅಪ್ಪ ಒಳಗೆ ಹೋಗದೆ ಮೊದಲು ಕುಲುಮೆ ಎಲ್ಲಿ ಎಂದು ಕೇಳಿದರು. ಎದುರಿಗೇ ಇತ್ತು. ಓರೆಯಾದ ಗಾಜಿನ ಸೂರಿನ ಕೆಳಗೆ, ರೈಲ್ವೆ ಕಮಾನುಗಳ ಪಕ್ಕ, ಹಳೇ ಕುಲುಮೆ.

ನೋಡಿದ ತಕ್ಷಣ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮುರುಕು ಇಟ್ಟಿಗೆ, ಕಲ್ಲು, ಎರಡು ಬಾಯಿ. ಹಳೇ ಸುಣ್ಣದ ಗೂಡಿನ ಹಾಗೆ. ಅಪ್ಪ ಮಾತ್ರ ಕೈಕಟ್ಟಿಕೊಂಡು ನಿಂತೇ ಇದ್ದರು. ಆಮೇಲೆ ಬಗ್ಗಿ ಒಂದು ಬಾಯಿಯ ಒಳಗೆ ನೋಡಿ, "ಇದು ಗಾಳಿ ಬಾಯಿ. ಕಬ್ಬಿಣ ಆ ಕಡೆಯಿಂದ ಬರ್ತಿತ್ತು" ಅಂದರು. ಫಲಕ ಓದಿರಲಿಲ್ಲ. ನಾನು ಹೋಗಿ ಓದಿದೆ. ಸರಿಯಾಗಿತ್ತು.

ಮೊಮ್ಮಗನಿಗೆ ಪಾಠ ಶುರುವಾಯಿತು. ಮೇಲಿನಿಂದ ಅದಿರು, ಸುಣ್ಣಕಲ್ಲು, ಕೋಕ್ ಪದರ ಪದರವಾಗಿ ಸುರಿಯಬೇಕು. ಕೆಳಗಿನಿಂದ ಗಾಳಿ ಊದಬೇಕು. ಸುಣ್ಣ ಅದಿರಿನ ಕೊಳೆಯನ್ನೆಲ್ಲ ಹಿಡಿದುಕೊಂಡು ಕಿಟ್ಟವಾಗುತ್ತದೆ. "ಕಿಟ್ಟ ಮೇಲೆ, ಕಬ್ಬಿಣ ಕೆಳಗೆ. ಹಾಲಿನ ಮೇಲೆ ಕೆನೆ ಇರುತ್ತಲ್ಲ, ಹಾಗೆ. ಮೊದಲು ಕೆನೆ ತೆಗೀಬೇಕು, ಆಮೇಲೆ ಬಾಯಿ ಒಡೆದು ಕಬ್ಬಿಣ ಬಿಡಬೇಕು." ಮರಳಿನಲ್ಲಿ ತೋಡಿದ ದೊಡ್ಡ ಕಾಲುವೆ, ಅದರ ಪಕ್ಕ ಸಾಲಾಗಿ ಚಿಕ್ಕ ಗುಂಡಿಗಳು. ಮೇಲಿನಿಂದ ನೋಡಿದರೆ ತಾಯಿಹಂದಿ ಮಲಗಿ ಮರಿಗಳಿಗೆ ಹಾಲು ಕೊಡುವ ಹಾಗೆ. ಪಿಗ್ ಐರನ್ ಅನ್ನುವ ಹೆಸರು ಬಂದದ್ದೇ ಹಾಗೆ. ಹುಡುಗನಿಗೆ ಇಡೀ ಪ್ರವಾಸದಲ್ಲಿ ನೆನಪುಳಿದದ್ದು ಇದೊಂದೇ ಅಂತ ನನ್ನ ಗುಮಾನಿ.

ಈಗ 1709ರ ಕಥೆಗೆ ಬರುತ್ತೇನೆ. ಏಬ್ರಹಾಂ ಡಾರ್ಬಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವನು. ಬ್ರಿಸ್ಟಲ್‌ನಲ್ಲಿ ಹಿತ್ತಾಳೆ ಕೆಲಸ ಮಾಡುತ್ತಿದ್ದ. ಹಿತ್ತಾಳೆ ಪಾತ್ರೆ ಬಡವರ ಕೈಗೆ ಎಟುಕುವುದಿಲ್ಲ, ಕಬ್ಬಿಣದಲ್ಲಿ ಮಾಡಿದರೆ ಅಗ್ಗ. 1707ರಲ್ಲಿ ಮರಳಚ್ಚಿನಲ್ಲಿ ಹೊಟ್ಟೆಗುಂಡಾದ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಆಮೇಲೆ ಇಲ್ಲಿ ಬಂದು, ಪಾಳುಬಿದ್ದಿದ್ದ ಈ ಕುಲುಮೆಯನ್ನು ಗುತ್ತಿಗೆಗೆ ಹಿಡಿದ. ಕೈಗಾರಿಕಾ ಕ್ರಾಂತಿ ಅಂತ ಶಾಲೆಯಲ್ಲಿ ಓದುವಾಗ ಉಗಿಬಂಡಿ, ಗಿರಣಿ ಎಲ್ಲ ಕಣ್ಣಿಗೆ ಬರುತ್ತಿತ್ತು. ಇಲ್ಲಿ ನೋಡಿದರೆ ಆರಂಭದಲ್ಲಿ ಇರುವುದು ಅಡುಗೆ ಪಾತ್ರೆ!

ಅಲ್ಲಿಯವರೆಗೆ ಕುಲುಮೆಗೆ ಇದ್ದಿಲೇ ಬೇಕಿತ್ತು. ಇದ್ದಿಲಿಗೆ ಕಾಡು ಬೇಕು. ಹಸಿ ಕಲ್ಲಿದ್ದಲು ಹಾಕಿದರೆ ಅದರ ಗಂಧಕ ಕಬ್ಬಿಣಕ್ಕೆ ಸೇರಿ, ಕಬ್ಬಿಣ ಪುಡಿಪುಡಿಯಾಗುತ್ತದೆ. ಡಾರ್ಬಿ ಕಲ್ಲಿದ್ದಲನ್ನು ಮೊದಲೇ ಸುಟ್ಟು ಕೋಕ್ ಮಾಡಿ ಹಾಕಿದ. ಈ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಇದ್ದದ್ದು ಅವನ ಅದೃಷ್ಟ. ಇನ್ನೊಂದು ಲಾಭವೂ ಇತ್ತು. ಇದ್ದಿಲು ಮೆದು, ಮೇಲೆ ಭಾರ ಬಿದ್ದರೆ ಪುಡಿಯಾಗಿ ಗಾಳಿ ಕಟ್ಟುತ್ತದೆ. ಕೋಕ್ ಭಾರ ತಡೆಯುತ್ತದೆ. ಹಾಗಾಗಿ ಕುಲುಮೆಯನ್ನು ಎತ್ತರಕ್ಕೆ ಕಟ್ಟಬಹುದು.

ಇದನ್ನೆಲ್ಲ ಹೇಳುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಸುಮ್ಮನಾದರು. ಅಲ್ಲಿದ್ದ ಬೆಂಚಿನ ಮೇಲೆ ಕೂತು, "ಇವನು 1709ರಲ್ಲೇ ಇದ್ದಿಲು ಬಿಟ್ಟ. ನಾವು 1923ರಲ್ಲಿ ಇದ್ದಿಲಲ್ಲೇ ಶುರು ಮಾಡಿದ್ವಿ" ಅಂದರು.

ಹೌದು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಭದ್ರಾ ನದಿ ದಡದಲ್ಲಿ ಹುಟ್ಟಿದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರ ಇತ್ತು. ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಮೈಸೂರು ಸೀಮೆಯಲ್ಲೇ ಇಲ್ಲ. ಆದರೆ ಮಲೆನಾಡಿನ ಕಾಡು ಇತ್ತು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು ಇದ್ದಿಲು ಮಾಡಿ, ಅದರ ಹೊಗೆಯಿಂದ ಟಾರು, ಮರದ ಸ್ಪಿರಿಟ್ ಎಲ್ಲ ಇಳಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜ ಅಲ್ಲಿ ಕಾಡಿನಿಂದ ಬಂದ ಕಟ್ಟಿಗೆಯ ಲೆಕ್ಕ ಬರೆಯುತ್ತಿದ್ದರು. ಜೋಗದ ಕರೆಂಟ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಹಿಂದುಳಿದಿದ್ದೆವು ಅಂತ ನಾನು ಅಂದುಕೊಂಡರೆ ಅಪ್ಪ ಒಪ್ಪಲಿಲ್ಲ. "ಹಿಂದೆ ಅಲ್ಲಮ್ಮ. ಕೈಯಲ್ಲಿ ಏನಿದೆಯೋ ಅದರಲ್ಲಿ ಮಾಡೋದು. ಇವನೂ ಮಾಡಿದ್ದು ಅದನ್ನೇ."

ಮ್ಯೂಸಿಯಂ ಒಳಗೆ ಹಳೇ ಪಾತ್ರೆಗಳಿದ್ದವು. ಕಪ್ಪು, ಮೂರು ಕಾಲು, ಉಬ್ಬಿದ ಹೊಟ್ಟೆ. ಗಾಜಿನ ಹಿಂದೆ ಇದ್ದದ್ದರಿಂದ ಅಪ್ಪ ತಟ್ಟುವ ಹಾಗಿಲ್ಲ. ನೆಲದ ಮೇಲೆ ಬಗ್ಗಿ, ತಲೆ ವಾಲಿಸಿ, ತಳ ನೋಡಲು ಹರಸಾಹಸಪಟ್ಟರು. ಕಾವಲುಗಾರ್ತಿ ಓಡಿಬಂದು ಮೈ ಸರಿಯಿಲ್ಲವೇ ಎಂದು ಕೇಳಿದಳು. "ಹೊಕ್ಕುಳು ನೋಡ್ತಿದಾರೆ" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ತಂಗಿ ಏನೋ ಹೇಳಿ ಸಂಭಾಳಿಸಿದಳು.

ಪಾತ್ರೆಯ ಪಕ್ಕದಲ್ಲೇ 1851ರ ಲಂಡನ್ ಪ್ರದರ್ಶನಕ್ಕೆ ಕೋಲ್‌ಬ್ರೂಕ್‌ಡೇಲ್ ಕಂಪನಿ ಎರಕ ಹೊಯ್ದ ಬಾಗಿಲು, ಕಾರಂಜಿಗಳ ವಿಷಯ ಇತ್ತು. ಆ ಪ್ರದರ್ಶನ ನಡೆದದ್ದು ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ, ಅಂದರೆ ನಮ್ಮ ಗಾಜಿನ ಮನೆಯ ಹಿರಿಯಣ್ಣನಲ್ಲಿ. ಪಾತ್ರೆಗೂ ಪ್ರದರ್ಶನಕ್ಕೂ ನಡುವೆ ಇನ್ನೂ ಏನೇನೋ ಇದೆ. ಉಗಿಯಂತ್ರದ ಸಿಲಿಂಡರ್ ಮೊದಲು ಹಿತ್ತಾಳೆಯದು, ಇಲ್ಲಿಯವರು ಕಬ್ಬಿಣದಲ್ಲಿ ಹೊಯ್ದುಕೊಟ್ಟರು. 1767ರಲ್ಲಿ ಎರಕದ ಕಬ್ಬಿಣದ ಹಳಿಗಳೂ ಇಲ್ಲಿಂದ ಹೊರಟವು.

ಒಂದು ವಿಷಯ ನನಗೆ ಬಹಳ ಹಿಡಿಸಿತು. ಈ ಕುಲುಮೆ ಆರಿದ ಮೇಲೆ ಯಾರೂ ಅದನ್ನು ಕಾಪಾಡಿರಲಿಲ್ಲ. ಮಣ್ಣಿನಲ್ಲಿ ಹೂತುಹೋಗಿತ್ತು. 1959ರಲ್ಲಿ, ಡಾರ್ಬಿಯ ಕೋಕಿಗೆ 250 ವರ್ಷ ತುಂಬಿದಾಗ, ಆಗಿನ ಫೌಂಡ್ರಿ ಕಂಪನಿಯವರು ಅಗೆದು ಹೊರತೆಗೆದು ಒಂದು ಪುಟ್ಟ ಮ್ಯೂಸಿಯಂ ಮಾಡಿದರು. 1967ರಲ್ಲಿ ಕಣಿವೆಯ ಮ್ಯೂಸಿಯಂಗಳಿಗೆಂದು ಒಂದು ಟ್ರಸ್ಟ್ ಹುಟ್ಟಿತು. 1986ರಲ್ಲಿ ಇಡೀ ಕಣಿವೆ ಯುನೆಸ್ಕೋ ಪಟ್ಟಿಗೆ ಸೇರಿತು. ಪಕ್ಕದ ಫೌಂಡ್ರಿ ಅಷ್ಟೂ ಕಾಲ ಕೆಲಸ ಮಾಡುತ್ತಲೇ ಇತ್ತು, ಕೊನೆಗೆ ಆಗಾ ಅನ್ನುವ ಕಂಪನಿಯ ಅಡುಗೆ ಒಲೆಗಳ ಎರಕ ಹೊಯ್ಯುತ್ತಿತ್ತು. 2017ರ ನವೆಂಬರಿನಲ್ಲಿ ಅದೂ ಮುಚ್ಚಿತು. ಅಪ್ಪ ಬಹಳ ಹೊತ್ತು ನಿಂತದ್ದು ಈ ಕೊನೆಯ ಸಾಲಿನ ಮುಂದೆ.

ರಾತ್ರಿ ಉಳಿದ ಚಿಕ್ಕ ಲಾಡ್ಜಿನಲ್ಲಿ ಹೀಟರ್ ಕೆಟ್ಟಿತ್ತು. ಕೈಗಾರಿಕಾ ಕ್ರಾಂತಿಯ ತೊಟ್ಟಿಲು ಅನ್ನುತ್ತಾರೆ ಈ ಊರನ್ನು. ಆ ತೊಟ್ಟಿಲಲ್ಲಿ ನಾವು ನಾಲ್ವರೂ ಎರಡೆರಡು ಕಂಬಳಿ ಹೊದ್ದು ನಡುಗಿದೆವು. ಸ್ವೆಟರ್ ಸೂಟ್‌ಕೇಸಿಗೆ ಹೋಗದೆ ನನ್ನ ಮೈಮೇಲೇ ಉಳಿದಿತ್ತಲ್ಲ, ಅದೇ ಪುಣ್ಯ.

ನಾಲ್ಕನೇ ದಿನ, ಸೇತುವೆ

ಬೆಳಿಗ್ಗೆ ಏಳಕ್ಕೇ ಹೊರಟೆವು. ನದಿಯ ಮೇಲೆ ಮಂಜು. ಮೊದಲು ಕಂಡದ್ದು ಕಮಾನಿನ ಅರ್ಧ ಮಾತ್ರ, ಉಳಿದದ್ದು ಮಂಜಿನಲ್ಲಿ. ಬಣ್ಣ ಕಪ್ಪೂ ಅಲ್ಲ, ಬೂದಿಯೂ ಅಲ್ಲ, ಕೆಂಪು ಕಂದು. 2017-18ರ ದುರಸ್ತಿಯಲ್ಲಿ ಹಳೇ ಬಣ್ಣದ ಪದರಗಳನ್ನು ಪರೀಕ್ಷೆ ಮಾಡಿ, ಮೊದಲಿದ್ದ ಬಣ್ಣ ಇದೇ ಎಂದು ಕಂಡುಕೊಂಡು ಮತ್ತೆ ಬಳಿದರು. "ಕೆಮ್ಮಣ್ಣುಗುಂಡಿ ಬಣ್ಣ" ಅಂದರು ಅಪ್ಪ. ಅದಕ್ಕಿಂತ ಸರಿಯಾದ ಹೆಸರು ಯಾರೂ ಕೊಡಲಾರರು.

ಪ್ರಪಂಚದ ಮೊದಲ ದೊಡ್ಡ ಕಬ್ಬಿಣದ ಸೇತುವೆ ಇದು. ನಕ್ಷೆ ತೋಚಿದ್ದು ತಾಮಸ್ ಪ್ರಿಚರ್ಡ್‌ಗೆ. ಕೆಲಸ ಶುರುವಾದ ಸ್ವಲ್ಪ ದಿನಕ್ಕೇ, 1777ರಲ್ಲಿ, ಅವನು ತೀರಿಕೊಂಡ. ಕಟ್ಟಿದವನು ಮೂರನೇ ಏಬ್ರಹಾಂ ಡಾರ್ಬಿ, ಪಾತ್ರೆ ಡಾರ್ಬಿಯ ಮೊಮ್ಮಗ. 1779ರ ಬೇಸಿಗೆಯಲ್ಲಿ ಕಮಾನು ನಿಂತಾಗ ಅವನಿಗೆ 29 ವರ್ಷ. ಜನ ಓಡಾಡಲು ಶುರುಮಾಡಿದ್ದು 1781ರ ಜನವರಿ 1ರಂದು. ಕಮಾನಿನ ಅಗಲ ನೂರು ಅಡಿಗೆ ಸ್ವಲ್ಪ ಜಾಸ್ತಿ. ಒಟ್ಟು ಕಬ್ಬಿಣ ಸುಮಾರು 384 ಟನ್. ಬಿಡಿಭಾಗಗಳು 1,700ಕ್ಕೂ ಜಾಸ್ತಿ.

ಸೇತುವೆ ಮೇಲೆ ನಿಂತು ಫೋಟೋ ತೆಗೆದು ಹೋಗುವವರೇ ಜಾಸ್ತಿ. ನನ್ನ ಮಾತು ಕೇಳಿ, ಕೆಳಗೆ ಇಳಿಯಿರಿ. ದಡದಲ್ಲಿ ನಿಂತು ತಲೆ ಎತ್ತಿದರೆ ಗುಟ್ಟು ಕಾಣುತ್ತದೆ. ಒಂದು ತುಂಡಿನಲ್ಲಿ ಚೌಕ ತೂತು. ಇನ್ನೊಂದು ತುಂಡು ಆ ತೂತಿನೊಳಗೆ ತೂರಿ ಆ ಕಡೆ ಬಂದಿದೆ. ಸಂದಿಯಲ್ಲಿ ಕಬ್ಬಿಣದ ಬೆಣೆ ಹೊಡೆದಿದ್ದಾರೆ. ಪಕ್ಕದಲ್ಲಿ ಬಡಗಿಗಳು ಡವ್‌ಟೇಲ್ ಅನ್ನುವ ಜೋಡಣೆ. ವೆಲ್ಡಿಂಗ್ ಇಲ್ಲ, ರಿವೆಟ್ ಇಲ್ಲ. ಮಲೆನಾಡಿನ ತೊಟ್ಟಿಮನೆಯಲ್ಲಿ ಕಂಬಕ್ಕೆ ತೊಲೆ ಕೂರಿಸಿದ ಹಾಗೇ ಇದೆ.

ಅಪ್ಪ ಬೆಣೆಯೊಂದನ್ನು ಬೆರಳಿಂದ ಸವರಿ ನಗತೊಡಗಿದರು. "ಇದು ಕಬ್ಬಿಣದವರ ಕೆಲಸ ಅಲ್ಲ. ಬಡಗಿ ಕೆಲಸ."

ಅದೇ ನಿಜ. ಇಷ್ಟು ದೊಡ್ಡ ಕಬ್ಬಿಣದ ಸೇತುವೆ ಹೇಗೆ ಕಟ್ಟಬೇಕು ಅಂತ ಆಗ ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮರದ ಕೆಲಸ. ಮರಕ್ಕೆ ಮಾಡುವುದನ್ನೇ ಕಬ್ಬಿಣಕ್ಕೂ ಮಾಡಿದರು. ಎಷ್ಟು ದಪ್ಪ ಸಾಕು ಅನ್ನುವುದೂ ಗೊತ್ತಿಲ್ಲ, ಆದ್ದರಿಂದ ಇರಲಿ ಅಂತ ದಪ್ಪವಾಗಿಯೇ ಹೊಯ್ದರು. ಮೊದಲ ಸಲ ಅನ್ನ ಮಾಡುವವರು ಎರಡು ಪಾವು ಜಾಸ್ತಿ ಅಕ್ಕಿ ಹಾಕಿದ ಹಾಗೆ. ಐದು ದೊಡ್ಡ ಪಕ್ಕೆಲುಬುಗಳು. ಪ್ರತಿಯೊಂದರ ಅರ್ಧ ಭಾಗ ಒಂದೇ ಎರಕ, ಸುಮಾರು 70 ಅಡಿ ಉದ್ದ, 5 ಟನ್ನಿಗೂ ಜಾಸ್ತಿ ಭಾರ.

ಅಂಥದ್ದನ್ನು ಮೇಲೆತ್ತಿದ್ದು ಹೇಗೆ? ಬಹಳ ಕಾಲ ಅದು ಇತಿಹಾಸಕಾರರಿಗೆ ಕಬ್ಬಿಣದ ಕಡಲೆಯೇ ಆಗಿತ್ತು. 1997ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಒಂದು ಪುಟ್ಟ ಜಲವರ್ಣ ಚಿತ್ರ ಸಿಕ್ಕಿತು. ಎಲಿಯಾಸ್ ಮಾರ್ಟಿನ್ ಅನ್ನುವ ಕಲಾವಿದ 1779ರಲ್ಲಿ ಈ ಕಣಿವೆಗೆ ಬಂದು, ಅರ್ಧ ಕಟ್ಟಿದ ಸೇತುವೆಯನ್ನು ಕೂತು ಬರೆದಿದ್ದ. ಅದರಲ್ಲಿ ನದಿಯಿಂದಲೇ ಎದ್ದ ಮರದ ಅಟ್ಟಣಿಗೆ ಕಾಣುತ್ತದೆ. ಆಮೇಲೆ ಅದೇ ರೀತಿ ಅರ್ಧ ಅಳತೆಯ ಮಾದರಿ ಕಟ್ಟಿಯೂ ನೋಡಿದರು. ಕಟ್ಟಿದವರು ಲೆಕ್ಕ ಬರೆದಿಟ್ಟಿದ್ದರು, ಆದರೆ ಎತ್ತಿದ್ದು ಹೇಗೆ ಅನ್ನುವುದನ್ನು ಬರೆಯಲಿಲ್ಲ. ಅವರಿಗೆ ಅದು ದಿನದ ಕೆಲಸ, ಅಲ್ವಾ? ನಮ್ಮ ಅಪ್ಪನೂ ಮೂವತ್ತು ವರ್ಷದಲ್ಲಿ ಏನೂ ಬರೆದಿಟ್ಟಿಲ್ಲ.

ಸೇತುವೆಯ ಆ ತುದಿಯಲ್ಲಿ ಸುಂಕದ ಮನೆ. ಗೋಡೆಯ ಮೇಲೆ ಹಳೇ ದರಪಟ್ಟಿ ಇದೆ. ನಡೆದು ಹೋಗುವವರಿಗೆ ಅರ್ಧ ಪೆನ್ನಿ. ಕೆಳಗೆ ಒಂದು ಷರಾ: ಇದು ಖಾಸಗಿ ಆಸ್ತಿ, ಕರ್ತವ್ಯದ ಮೇಲಿರುವ ಸೈನಿಕರೂ ಟಪಾಲು ಗಾಡಿಯೂ ರಾಜಮನೆತನದವರೂ ಸುಂಕ ಕೊಡಬೇಕು. ವಿಐಪಿ ವಿನಾಯಿತಿ ಇಲ್ಲದ ಟೋಲ್ ಗೇಟ್! ನೈಸ್ ರಸ್ತೆಯಲ್ಲಿ ಓಡಾಡುವ ನಾವು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವು. ಜನರಿಂದ ಸುಂಕ ತೆಗೆದುಕೊಳ್ಳುವುದು 1950ರವರೆಗೂ ನಡೆಯಿತು. ವಾಹನ ನಿಂತದ್ದು 1934ರಲ್ಲೇ. ಈಗ ಎಲ್ಲರಿಗೂ ಪುಕ್ಕಟೆ.

ಡಾರ್ಬಿಗೆ ಮಾತ್ರ ಈ ಸೇತುವೆ ಬಹಳ ದುಬಾರಿಯಾಯಿತು. ಅಂದಾಜು 3,200 ಪೌಂಡ್ ಇತ್ತು, ಖರ್ಚು ಹೆಚ್ಚುಕಡಿಮೆ ಎರಡರಷ್ಟು. ಮೇಲಿನದ್ದನ್ನೆಲ್ಲ ಇವನೇ ಹೊತ್ತು ಸಾಲಗಾರನಾದ. 1789ರಲ್ಲಿ ತೀರಿಕೊಂಡಾಗ ನಲವತ್ತು ತುಂಬಿರಲಿಲ್ಲ. ಅವನ ತಾತನೂ ನಲವತ್ತು ಮುಟ್ಟಿರಲಿಲ್ಲ. ಆದರೆ 1795ರ ಮಹಾಪೂರದಲ್ಲಿ ಸೆವರ್ನ್ ನದಿ ಮೇಲಿನ ಸೇತುವೆಗಳೆಲ್ಲ ಪೆಟ್ಟು ತಿಂದಾಗ ಗಾಯವಿಲ್ಲದೆ ನಿಂತದ್ದು ಇದೊಂದೇ. ನೀರು ಕಮಾನಿನ ಸಂದಿಯಲ್ಲಿ ನುಗ್ಗಿ ಹೋಯಿತು, ತಡೆಯಲು ಗೋಡೆಯೇ ಇರಲಿಲ್ಲ.

ಇದಕ್ಕೆ ನೀರಿನ ಕಾಟ ಇಲ್ಲ, ಬೆಟ್ಟದ ಕಾಟ. ಕಣಿವೆಯ ಎರಡೂ ದಂಡೆ ನಿಧಾನವಾಗಿ ಒಳಗೆ ಜರುಗುತ್ತಿವೆ. 1970ರ ದಶಕದಲ್ಲಿ ನದಿಯ ತಳದಲ್ಲಿ ಕಾಂಕ್ರೀಟಿನ ತಲೆಕೆಳಗಾದ ಕಮಾನು ಹಾಕಿ ಎರಡೂ ದಂಡೆಗಳನ್ನು ದೂರ ತಳ್ಳಿ ಹಿಡಿದಿದ್ದಾರೆ. ಮೇಲೊಂದು ಕಮಾನು, ನೀರಿನಡಿ ಕಾಣದ ಇನ್ನೊಂದು.

ಐದನೇ ದಿನ, ಬ್ಲಿಸ್ಟ್ಸ್ ಹಿಲ್

ನದಿ ದಡದ ರಸ್ತೆಯಲ್ಲಿ ಹೋಗುವಾಗ ಬೆಡ್ಲಮ್ ಕುಲುಮೆಗಳು ಸಿಗುತ್ತವೆ. 1757ರಲ್ಲಿ ಕಟ್ಟಿದ್ದು. ಈಗ ತಲೆಯ ಮೇಲೆ ಸೂರು ಹಾಕಿ ಉಳಿಸಿಕೊಂಡಿದ್ದಾರೆ. 1801ರಲ್ಲಿ ಲೌಥರ್‌ಬರ್ಗ್ ಅನ್ನುವ ಚಿತ್ರಕಾರ ಇವನ್ನು ರಾತ್ರಿ ಹೊತ್ತಿನಲ್ಲಿ ಚಿತ್ರಿಸಿದ. ಕಿತ್ತಳೆ ಬೆಂಕಿ, ಹೊಗೆ, ಮುಂದೆ ಕುದುರೆ ಗಾಡಿ. ತಂಗಿ ಫೋನಿನಲ್ಲಿ ಆ ಚಿತ್ರ ತೋರಿಸಿದಾಗ ನಾನೂ ಅವಳೂ ಒಟ್ಟಿಗೇ ಒಂದೇ ಮಾತು ಹೇಳಿದೆವು. "ಕಿಟ್ಟ ಸುರಿಯೋ ಹೊತ್ತು." ಚಿಕ್ಕವರಿದ್ದಾಗ ರಾತ್ರಿ ಕಾರ್ಖಾನೆಯಲ್ಲಿ ಕಿಟ್ಟ ಸುರಿದರೆ ನಮ್ಮ ಕ್ವಾರ್ಟರ್ಸ್ ಕಿಟಕಿ ಕೆಂಪಾಗುತ್ತಿತ್ತು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮೊದಲೇ ಆ ಹೆಸರಿತ್ತು ಅನ್ನುವುದು ನನಗೆ ಈಗಲೂ ವಿಚಿತ್ರ ಅನಿಸುತ್ತದೆ.

ಬ್ಲಿಸ್ಟ್ಸ್ ಹಿಲ್ ಎಂದರೆ 1973ರಲ್ಲಿ ತೆರೆದ ಬಯಲು ಮ್ಯೂಸಿಯಂ, ರಾಣಿ ವಿಕ್ಟೋರಿಯಾ ಕಾಲದ ಒಂದು ಇಡೀ ಬೀದಿ. ಹಳೇ ಕುಲುಮೆ, ಇಟ್ಟಿಗೆ ಕಾರ್ಖಾನೆ ಇದ್ದ ಜಾಗದಲ್ಲೇ ಕಟ್ಟಿದ್ದಾರೆ. ಬ್ಯಾಂಕಿನಲ್ಲಿ ಇವತ್ತಿನ ದುಡ್ಡು ಕೊಟ್ಟರೆ ಹಳೇ ಕಾಲದ ಪೆನ್ನಿ ಕೊಡುತ್ತಾರೆ. ಹುಡುಗ ಅದನ್ನು ತೆಗೆದುಕೊಂಡು ಮಿಠಾಯಿ ಅಂಗಡಿಗೆ ಓಡಿದ. ಆಲೂ ಚಿಪ್ಸ್ ವಾಸನೆ ಘಮ್ಮೆನ್ನುತ್ತಿತ್ತು, ಕೇಳಿದರೆ ದನದ ಕೊಬ್ಬಿನಲ್ಲಿ ಕರಿಯುತ್ತಾರಂತೆ. ಚಪಾತಿ, ಚಟ್ನಿಪುಡಿ ಡಬ್ಬ ಬಿಚ್ಚಿದೆವು.

ನಿಜ ಹೇಳಬೇಕೆಂದರೆ ನನಗೆ ಈ ಬೀದಿ ಅಷ್ಟು ಹಿಡಿಸಲಿಲ್ಲ. ಬಹಳ ಚೊಕ್ಕಟ. ಕಬ್ಬಿಣದ ಊರಿನಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ ಕಪ್ಪು ಧೂಳು ಕೂರದೆ ಇರುತ್ತಾ? ಅಮ್ಮನನ್ನು ಕೇಳಿ ನೋಡಿ.

ಆದರೆ ಎರಡು ಸಾಮಾನು ಅಪ್ಪನನ್ನು ಹಿಡಿದು ನಿಲ್ಲಿಸಿದವು. ಬಾಗಿಲ ಹತ್ತಿರವೇ ಡೇವಿಡ್, ಸ್ಯಾಂಪ್ಸನ್ ಅನ್ನುವ ಜೋಡಿ ಯಂತ್ರ, 1851ರದ್ದು. ಕುಲುಮೆಗೆ ಗಾಳಿ ಊದುವ ಎರಡು ದೈತ್ಯರು. ಸುಮಾರು ನೂರು ವರ್ಷ ಊದಿವೆ. ಇನ್ನೊಂದು, ಎರಕ ಹೊಯ್ಯದೆ ಬಡಿದು ರೂಪಿಸುವ ಮೆದು ಕಬ್ಬಿಣದ ಶೆಡ್. ಯಂತ್ರಗಳೆಲ್ಲ ಬೋಲ್ಟನ್ ಊರಿನ ಫೋರ್ಜಿನಿಂದ ಬಿಚ್ಚಿ ತಂದವು. ಅಲ್ಲಿ ಕೆಲಸ ನಿಂತಾಗ ಈ ಕಸುಬೂ ದೇಶದಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಅಲ್ಲಿದ್ದ ಒಂದು ಸರಳನ್ನು ಅಪ್ಪ ಕೇಳಿಯೇ ತಟ್ಟಿದರು. ಟಿಣ್ ಎಂದಿತು. ಪಕ್ಕದ ಎರಕದ ಚಕ್ರ ತಟ್ಟಿದರು. ಟಕ್. "ಬೀಡು ಹಾಡಲ್ಲ" ಅಂದರು ಮೊಮ್ಮಗನಿಗೆ. ಅಲ್ಲಿಂದ ಹೊರಗೆ ಬರುವವರೆಗೂ ಹುಡುಗ ಬೀದಿಯ ದೀಪಕಂಬ, ಗೇಟು, ಬೆಂಚಿನ ಕಾಲು ಏನನ್ನೂ ಬಿಡದೆ ತಟ್ಟಿದ.

ಬೆಟ್ಟದ ಪಕ್ಕದಲ್ಲಿ "ಹೇ" ಅನ್ನುವ ಹೆಸರಿನ ಇಳಿಜಾರು ಇದೆ. ಮೇಲೆ ಕಾಲುವೆ, 207 ಅಡಿ ಕೆಳಗೆ ನದಿ. ಇಳಿಯುವ ದೋಣಿಯ ಭಾರದಿಂದಲೇ ಇನ್ನೊಂದು ದೋಣಿಯನ್ನು ಹಳಿಗಳ ಮೇಲೆ ಎಳೆದುಕೊಳ್ಳುತ್ತಿದ್ದರು. ನಾಲ್ಕೇ ಜನ, ಮೂರೂವರೆ ನಿಮಿಷ. ಇದಿಲ್ಲದಿದ್ದರೆ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ 27 ಲಾಕ್ ಗೇಟ್ ಕಟ್ಟಬೇಕಾಗುತ್ತಿತ್ತಂತೆ. ಮಳೆ ಜೋರಾಯಿತು, ಪೂರ್ತಿ ಹತ್ತಲಾಗಲಿಲ್ಲ.

ಆರನೇ ದಿನ, ಹರಿಗೋಲು

ಬೆಳಿಗ್ಗೆ ನದಿ ದಡದಲ್ಲಿ ಒಂದು ಶೆಡ್ ಕಂಡಿತು. ಒಳಗೆ ಬೋರಲು ಹಾಕಿದ್ದು ನೋಡಿ ಅಪ್ಪ "ಅರೆ, ಹರಿಗೋಲು!" ಎಂದು ಕೂಗಿದರು. ಇವರು ಕೊರಕಲ್ ಅನ್ನುತ್ತಾರೆ. ಹಂಪಿಯಲ್ಲಿ ತುಂಗಭದ್ರೆ ದಾಟುವಾಗ ಕೂತದ್ದೇ. ನಮ್ಮದು ದುಂಡಗೆ, ಬಿದಿರಿನದು. ಇವರದು ಮೊಟ್ಟೆಯಾಕಾರ, ಮರದ ಪಟ್ಟಿ ಬಾಗಿಸಿ ಬಟ್ಟೆ ಹೊದಿಸಿ ಟಾರು ಬಳಿದದ್ದು. ಐರನ್‌ಬ್ರಿಡ್ಜ್‌ನಲ್ಲಿ ಒಂದೇ ಮನೆತನದವರು ತಲೆತಲಾಂತರ ಇವನ್ನು ಮಾಡುತ್ತಿದ್ದರಂತೆ. ಪ್ರಪಂಚದ ಮೊದಲ ದೊಡ್ಡ ಕಬ್ಬಿಣದ ಸೇತುವೆ ತಲೆಯ ಮೇಲಿದ್ದರೂ ಕೆಳಗೆ ಹರಿಗೋಲು ನಡೆಯುತ್ತಲೇ ಇತ್ತು. ಸುಂಕ ಉಳಿಯುತ್ತದಲ್ಲ!

ವಾಪಸ್ ಹೊರಡುವ ಮೊದಲು ಬಿಲ್ಡ್‌ವಾಸ್. ಅಲ್ಲಿ 1796ರಲ್ಲಿ ಇಂಜಿನಿಯರ್ ತಾಮಸ್ ಟೆಲ್‌ಫರ್ಡ್ ಇನ್ನೊಂದು ಕಬ್ಬಿಣದ ಸೇತುವೆ ಕಟ್ಟಿದ್ದ. ಕಮಾನು 30 ಅಡಿ ಜಾಸ್ತಿ ಉದ್ದ, ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಹದಿನೇಳು ವರ್ಷದಲ್ಲಿ ಅಕ್ಕಿ ಅಳತೆ ಗೊತ್ತಾಗಿತ್ತು. ಆ ಸೇತುವೆ ಈಗ ಇಲ್ಲ. ಅದರ ಹತ್ತಿರವಿದ್ದ ವಿದ್ಯುತ್ ಸ್ಥಾವರದ ನಾಲ್ಕು ದೊಡ್ಡ ಗೋಪುರಗಳನ್ನೂ 2019ರ ಡಿಸೆಂಬರಿನಲ್ಲಿ ಕೆಡವಿಬಿಟ್ಟರು. ಉಳಿಸುವ ಊರಿನಲ್ಲೂ ಎಲ್ಲವನ್ನೂ ಉಳಿಸುವುದಿಲ್ಲ.

ಕಾರಿನಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂದಾಗಲೂ ಹೀಗೇ ಕೂತಿದ್ದರು. ಆಮೇಲೆ ಕಾರ್ಮಿಕರು ಹೋರಾಟಕ್ಕೆ ಇಳಿದರು, ಅದರ ಕಥೆ ಬೇರೆ. ವುಲ್ವರ್‌ಹ್ಯಾಂಪ್ಟನ್ ಹತ್ತಿರ ಬಂದಾಗ ಅಪ್ಪ ಕೇಳಿದರು, "ನಿಮ್ಮಜ್ಜನ ಕಟ್ಟಿಗೆ ಲೆಕ್ಕದ ಪುಸ್ತಕ ಎಲ್ಲಿದೆ, ಗೊತ್ತಾ?"

ನನಗೆ ಗೊತ್ತಿರಲಿಲ್ಲ.

ರಾತ್ರಿ ತಂಗಿಯ ಮನೆಯಲ್ಲಿ ಹೊಸ ಕಾವಲಿಯ ಮೇಲೆ ದೋಸೆ. ಮೊದಲ ನಾಲ್ಕು ಹರಿದು ಚಿಂದಿಯಾದವು. ಈರುಳ್ಳಿ ಅರ್ಧ ಕೊಯ್ದು, ಎಣ್ಣೆಯಲ್ಲಿ ಅದ್ದಿ ಉಜ್ಜಿ ಉಜ್ಜಿ ಐದನೆಯದು ಎದ್ದಿತು.

ಮತ್ತೆ ಬೆಂಗಳೂರು

ಇನ್ನೆರಡು ವಾರ ತಂಗಿಯ ಮನೆಯಲ್ಲಿದ್ದು ವಾಪಸ್ ಬಂದೆವು. ಬೆಳಿಗ್ಗೆ ಐದಕ್ಕೆ ಮನೆ ತಲುಪಿದಾಗ ಅಮ್ಮ ಎದ್ದು ಕಾಫಿಗೆ ನೀರಿಟ್ಟಿದ್ದಳು. ಅಪ್ಪ ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ಹೋದರು. ಮೊಳೆಗೆ ತೂಗುಹಾಕಿದ್ದ ಅಮ್ಮನ ಕಾವಲಿ ತೆಗೆದರು. ಮದುವೆಯಾದ ವರ್ಷ ಭದ್ರಾವತಿ ಸಂತೆಯಲ್ಲಿ ಕೊಂಡದ್ದು. ಮಗುಚಿ ಬೆಳಕಿಗೆ ಹಿಡಿದರು. ತಳದಲ್ಲಿ ನಲವತ್ತೈದು ವರ್ಷದ ಮಸಿ ಕಲ್ಲಾಗಿ ಕೂತಿತ್ತು. ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ಉಗುರಿನಿಂದ ಕೆರೆಯತೊಡಗಿದರು.

"ಏನ್ರೀ ಅದು?" ಅಂದಳು ಅಮ್ಮ.

"ಹೊಕ್ಕುಳು ಹುಡುಕ್ತಿದೀನಿ."

"ಬಂದ ತಕ್ಷಣ ಶುರುವಾಯ್ತಾ? ಮೊದಲು ಕೆಳಗಿಡಿ ಅದನ್ನ. ಹದ ಹೋದ್ರೆ ನಾಳೆ ದೋಸೆ ಏಳಲ್ಲ."